ವೆಟ್ಟರ್ನ್ ಸರೋವರದೊಳಗೆ ಬಿದ್ದ ಗುದ್ದು

ದೂರದ ಚಳಿನಾಡಿನ ಯೋನ್‌ಶೋಪಿಂಗ್ ಪಟ್ಟಣದಲ್ಲಿ ನಮಗೆ ಡೈವಿಂಗ್ ಕಲಿಸುತ್ತಿದ್ದ ಮೇಡಂ ಮಂಗಳೂರಿನ ಕಡೆಯವರು, ದನಿ ಏರಿಸಿ ಮಾತಾಡಿದವರಲ್ಲ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಚಳಿ ಕೊರೆಯುವ ವೆಟ್ಟರ್ನ್ ಸರೋವರಕ್ಕೆ ಇಳಿಯುವ ಮುನ್ನ ಪ್ರತಿಸಲವೂ ಒಂದೇ ಮಾತು: “ಉಸಿರು ಮಾತ್ರ ಹಿಡ್ಕೊಳ್ಬೇಡಿ ಮಾರಾಯ್ರೆ. ಹಿಡ್ಕೊಂಡು ಮೇಲೆ ಬಂದ್ರೆ ಶ್ವಾಸಕೋಶ ಒಡೆದುಹೋಗ್ತದೆ.”

ನಾನು ಬಾವಿಯಲ್ಲಿ ಈಜು ಕಲಿತವನು. ನೀರೊಳಗೆ ಉಸಿರು ಬಿಗಿಹಿಡಿಯುವುದೇ ನನಗೆ ಗೊತ್ತಿದ್ದ ವಿದ್ಯೆ. ಒಂದು ದಿನ ಆಳದಲ್ಲಿ ಮಾಸ್ಕಿನೊಳಗೆ ನೀರು ನುಗ್ಗಿದ್ದೇ, ಗಾಬರಿಯಿಂದ ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮಿದೆ. ಮೇಡಂ ನನ್ನ ಕಾಲು ಹಿಡಿದೆಳೆದು ಹೊಟ್ಟೆಗೆ ಗುದ್ದಿದರು. ಮತ್ತೆ ಗುದ್ದಿದರು. ಹಿಡಿದಿಟ್ಟ ಉಸಿರು ಗುಳ್ಳೆಗಳಾಗಿ ಬುಳಬುಳನೆ ಹೊರಬಂತು.

ದಡಕ್ಕೆ ಬಂದು, “ಹೊಡೆದ್ರಲ್ಲ ಮೇಡಂ, ನೀವು!” ಎಂದೆ, ನಂಬಲಾಗದೆ. ಅವರು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಲು ಹೋದರು. ಕಾಫಿಯೆಲ್ಲ ಲೋಟದ ಹೊರಗೆ, ಬಂಡೆಯ ಮೇಲೆ ಚೆಲ್ಲಿತು. ತುಟಿ ಬಿಗಿದು, ಉಸಿರು ಹಿಡಿದೇ ನಿಂತಿದ್ದರು.

“ಉಸಿರು ಬಿಡಿ ಮೇಡಂ,” ಎಂದೆ.