ನಮ್ಮವರಿಗೇ ಮಾರಬೇಕಾಗಿದ್ದ ಮನೆ

ಮೊನ್ನೆ ತಂಜಾಂಗ್ ಪಗಾರ್‌ನಲ್ಲಿ ಎಂಆರ್‌ಟಿ ರೈಲು ಹತ್ತಿದಾಗ, ಪಕ್ಕದಲ್ಲಿದ್ದ ಮುದುಕಿಯೊಬ್ಬರು ಹಸಿರು ನೋವಿನೆಣ್ಣೆಯ ಪುಟ್ಟ ಸೀಸೆ ತೆಗೆದು ಮೊಣಕಾಲಿಗೆ ಸವರಿಕೊಂಡರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಎದುರುಮನೆ ಆಂಟಿ ನೆನಪಾದರು…

2012ರಲ್ಲಿ ನಾನು ಕೆಲಸಕ್ಕೆಂದು ಈ ದೇಶಕ್ಕೆ ಬಂದು ಆಂಗ್ ಮೋ ಕಿಯೋ ಬಡಾವಣೆಯಲ್ಲಿ ಕೋಣೆಯೊಂದನ್ನು ಬಾಡಿಗೆ ಹಿಡಿದಾಗ, ಆ ಬ್ಲಾಕಿನಲ್ಲಿ ಕನ್ನಡ ಆಡುವವರು ಅವರೊಬ್ಬರೇ. ಮೈಸೂರಿನಿಂದ ಮದುವೆಯಾಗಿ ಬಂದವರು, ಮಕ್ಕಳಿರಲಿಲ್ಲ. ಲಕ್ವ ಹೊಡೆದಿದ್ದ ಗಂಡ ದೂರದ ಯಿಶುನ್ ಬಡಾವಣೆಯ ನರ್ಸಿಂಗ್ ಹೋಮಿನಲ್ಲಿದ್ದರು. ಆಂಟಿ ನೋಯುವ ಕಾಲಿಗೆ ಎಣ್ಣೆ ತಿಕ್ಕಿಕೊಂಡು, ದಿನಾ ಬಸ್ಸಿನಲ್ಲಿ ಹೋಗಿ ಗಂಜಿ ಕುಡಿಸಿ ಬರುತ್ತಿದ್ದರು. ಫ್ಲ್ಯಾಟ್ ಮಾರಿ ಅಲ್ಲೇ ಹತ್ತಿರ ಚಿಕ್ಕದೊಂದನ್ನು ಕೊಳ್ಳಬೇಕು ಎನ್ನುವುದೊಂದೇ ಅವರ ಆಸೆ.

ಪಕ್ಕದ ಮನೆಯ ಚೀನೀ ದಂಪತಿ ತಮ್ಮ ಮಗನಿಗಾಗಿ ಅದನ್ನು ಕೊಳ್ಳಲು ತುದಿಗಾಲಲ್ಲಿದ್ದರು. ಆದರೆ ಇಲ್ಲಿ ಪ್ರತಿ ಬ್ಲಾಕಿನಲ್ಲೂ ಯಾವ ಜನಾಂಗದವರು ಎಷ್ಟಿರಬಹುದು ಎಂಬ ಸರ್ಕಾರದ ಮಿತಿಯಿದೆ. ನಮ್ಮಲ್ಲಿ ಚೀನೀಯರ ಪಾಲು ತುಂಬಿಹೋಗಿತ್ತು. ಆಂಟಿ ಅವರಿಗೆ ಮಾರುವಂತಿರಲಿಲ್ಲ.

"ಮೂವತ್ತು ವರ್ಷದಿಂದ ಗೋಡೆ ಹಂಚ್ಕೊಂಡಿದೀವಿ ಕಣಮ್ಮ. ಮನೆ ಮಾತ್ರ ಕೊಡೋ ಹಾಗಿಲ್ವಂತೆ," ಎಂದು ನಕ್ಕರು. "ಹೋಗ್ಲಿ, ನಮ್ಮವ್ರೇ ಯಾರಾದ್ರೂ ಬರ್ತಾರೆ."

ನಮ್ಮವರು ಬಂದರು. ಇಲ್ಲೇ ಕಾಯಂ ನೆಲೆಸಲು ಪಿಆರ್ ಸಿಕ್ಕಿದ್ದ ಬೆಂಗಳೂರಿನ ಸಾಫ್ಟ್‌ವೇರ್ ದಂಪತಿ. ಕನ್ನಡ ಕಿವಿಗೆ ಬಿದ್ದದ್ದಕ್ಕೇ ಆಂಟಿ ಹಿಗ್ಗಿ, ಬಿಸಿಬೇಳೆಬಾತ್ ಮಾಡಿ ಬಡಿಸಿದರಂತೆ. ನಾನು ಆಫೀಸಿನಿಂದ ಬಂದು ಲಿಫ್ಟ್ ಇಳಿಯುವಾಗ ಅವರು ಹೊರಟು ನಿಂತಿದ್ದರು. ನನಗೆ ಕನ್ನಡ ಬರುತ್ತದೆಂದು ಆತನಿಗೇನು ಗೊತ್ತು?

"ಈಗ್ಲೇ ಆಫರ್ ಮಾಡೋದ್ ಬೇಡ, ವೇಟ್ ಮಾಡೋಣ," ಎನ್ನುತ್ತಿದ್ದ ಹೆಂಡತಿಗೆ. "ಚೈನೀಸ್‌ಗೆ ಮಾರಕ್ಕಾಗಲ್ಲ, ಎಲ್ಲಿಗ್ ಹೋಗ್ತಾರೆ? ಅವ್ರೇ ರೇಟ್ ಇಳಿಸ್ತಾರೆ."

ಆಂಟಿಗೆ ಹೇಳಿದೆ. ನಂಬಲಿಲ್ಲ. "ಛೆ, ಹಂಗನ್ನಬೇಡಮ್ಮ. ನಮ್ಮನೇಲಿ ಉಂಡು ಹೋದವ್ರು."

ವಾರವಾರವೂ ಅವರಿಂದ ಫೋನ್ ಬರುತ್ತಿತ್ತು. ಯೋಚಿಸ್ತಿದೀವಿ ಆಂಟಿ, ಇನ್ನೊಂಚೂರು ಟೈಮ್ ಕೊಡಿ… ಕೊಳ್ಳಲು ಬಂದ ಬೇರೆ ಇಂಡಿಯನ್ನರೂ ಹಾಕಿದ್ದು ಅದೇ ಲೆಕ್ಕ. ತಿಂಗಳುಗಳು ಉರುಳಿದವು. ಒಂದು ಬೆಳಿಗ್ಗೆ ಆಂಟಿ ಇನ್ನೂ ಬಸ್ಸಿನಲ್ಲಿರುವಾಗಲೇ ಅಂಕಲ್ ತೀರಿಕೊಂಡರು. ಗಂಜಿಯ ಡಬ್ಬಿ ಹಾಗೇ ವಾಪಸು ಬಂತು.

ಆಮೇಲೆ ಯಿಶುನ್‌ನಲ್ಲಿ ಅವರಿಗೇನು ಕೆಲಸ? "ಇನ್ಯಾಕಮ್ಮ ಚೌಕಾಶಿ," ಎಂದು ಅದೇ ಬೆಂಗಳೂರಿನ ದಂಪತಿ ಹೇಳಿದ ಬೆಲೆಗೆ ಕೊಟ್ಟುಬಿಟ್ಟರು. ಮೈಸೂರಿನಲ್ಲಿದ್ದ ತಂಗಿಯ ಮಗಳ ಮನೆಗೆ ಹೊರಟ ದಿನ ಏರ್‌ಪೋರ್ಟಿಗೆ ಬಂದವರು ನಾನು ಮತ್ತು ಆ ಚೀನೀ ಹೆಂಗಸು. ಆಂಟಿಯೂ ಆಕೆಯೂ ಒಬ್ಬರ ಕೈಯೊಬ್ಬರು ಹಿಡಿದುಕೊಂಡು, ಮುರುಕು ಇಂಗ್ಲಿಷಿನಲ್ಲಿ ಏನೇನೋ ಹೇಳಿಕೊಂಡು ಅತ್ತರು. ಮನೆ ಕೊಂಡವರು ಮೆಸೇಜ್ ಮಾಡಿದ್ದರು, ಹ್ಯಾಪಿ ಜರ್ನಿ ಆಂಟಿ ಎಂದು.

ವರ್ಷ ತುಂಬುವುದರೊಳಗೆ ಆಂಟಿ ತೀರಿಕೊಂಡರೆಂದು ಆ ತಂಗಿಯ ಮಗಳು ತಿಳಿಸಿದಳು.

ಆ ದಂಪತಿ ಈಗಲೂ ಎದುರುಮನೆಯಲ್ಲೇ ಇದ್ದಾರೆ. ನಾನು ಕನ್ನಡದವಳೆಂದು ಹೇಗೋ ತಿಳಿದ ಮೇಲೆ, ಕಂಡಾಗಲೆಲ್ಲ "ಒಂದಿನ ಊಟಕ್ ಬನ್ನಿ" ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಥ್ಯಾಂಕ್ಸ್ ಹೇಳಿ ಬಾಗಿಲು ಹಾಕಿಕೊಳ್ಳುತ್ತೇನೆ. ಆಂಟಿ ಹೋದಮೇಲೆ ಈ ಬ್ಲಾಕಿನಲ್ಲಿ ನಾನು ಕನ್ನಡ ಆಡಿಲ್ಲ.