ಆಯಿ ತೊಯ್ಸಿದ ಓಲೆಕಟ್ಟು

ಸ್ವಾತಂತ್ರ್ಯ ಬರುವ ಮೊದಲಿನ ಮಾತು. ಗೋಕಾಕದ ಒಬ್ಬ ಮಾಸ್ತರರು ತಮ್ಮ ಮನೆಯ ಪಡಸಾಲೆಯನ್ನೇ ವಸ್ತುಸಂಗ್ರಹಾಲಯ ಮಾಡಿದ್ದರು. ಸುತ್ತಲಿನ ಊರುಗಳಿಂದ ಬೇಡಿ ತಂದ ತಾಡೋಲೆ, ಕೈಬರಹದ ಹೊತ್ತಿಗೆಗಳನ್ನು ಗಾಜಿನ ಕಪಾಟಿನಲ್ಲಿಟ್ಟು ಬಂದವರಿಗೆಲ್ಲ ತೋರಿಸುತ್ತಿದ್ದರು. ಮಸಗುಪ್ಪಿಯ ನಮ್ಮ ಮನೆಯ ಓಲೆಕಟ್ಟನ್ನೂ ಒಯ್ದು ತಿಂಗಳಾಗಿತ್ತು.

"ಅದರಾಗ ಏನೇನ ವಚನ ಅದಾವೋ, ಸಾಯೂದ್ರಾಗ ಒಮ್ಮೆ ಕೇಳಬೇಕ" ಎಂದು ಅಪ್ಪನ ತಾಯಿ, ನಮ್ಮ ಆಯಿ, ನನ್ನನ್ನು ಕರೆದುಕೊಂಡು ಚಕ್ಕಡಿ ಹತ್ತಿದಳು.

ಆ ಕಟ್ಟು ನಮ್ಮ ದೇವರ ಜಗುಲಿಯ ಮೇಲಿರುತ್ತಿತ್ತು. ಪ್ರತಿ ಸೋಮವಾರ ಆಯಿ ಅದಕ್ಕೆ ನೀರು ಹನಿಸಿ, ವಿಭೂತಿ ಬಳಿದು, ತನ್ನ ಅತ್ತೆ ಕಲಿಸಿದ ವಚನಗಳನ್ನು ಹೇಳುತ್ತಿದ್ದಳು. ಬಿಚ್ಚುವುದು ಮಾತ್ರ ಇಲ್ಲ. ದೇವರನ್ನು ಯಾರಾದರೂ ಬಿಚ್ಚಿ ನೋಡುತ್ತಾರೆಯೇ!

ಮಾಸ್ತರರ ಕಪಾಟಿನಲ್ಲಿ ಉಳಿದ ಕಟ್ಟುಗಳೆಲ್ಲ ಬೀಸಣಿಗೆಯಂತೆ ಹರಡಿಕೊಂಡಿದ್ದವು. ನಮ್ಮದು ಮಾತ್ರ ಮೂಲೆಯಲ್ಲಿ ಇಟ್ಟಿಗೆಯಂತೆ ಕೂತಿತ್ತು. ನನಗೆ ಸಿಟ್ಟು ಬಂತು. ಹೆಣ್ಣುಹುಡುಗಿಗೆ ಇಷ್ಟು ಬಾಯಿ ಇರಬಾರದೆಂದು ಮನೆಯಲ್ಲಿ ದಿನಾ ಬೈಸಿಕೊಳ್ಳುತ್ತಿದ್ದವಳು ನಾನು.

"ನಮ್ದನ್ನ ಯಾಕ ಬಿಚ್ಚಿಲ್ರಿ?" ಎಂದೆ.

ಮಾಸ್ತರರು ತಲೆ ತಗ್ಗಿಸಿದರು. "ನೀರ ಕುಡಿದು ಓಲಿ ಒಂದಕ್ಕೊಂದು ಅಂಟ್ಯಾವ್ರಿ, ಆಯಿ. ಎಬ್ಬಿಸಾಕ ಹೋದ್ರ ಪುಡಿ ಆಗ್ತಾವು. ಓದಾಕ ಆಗೂದಿಲ್ರಿ."

ಆಯಿ ತನ್ನ ಕೈಗಳನ್ನು ನೋಡಿಕೊಂಡಳು. "ನಾನ ತೊಯ್ಸೇನಿ. ಮದುವಿ ಆಗಿ ಬಂದಾಗಿನಿಂದ ನಾನ ತೊಯ್ಸೇನಿ."

ಆಯಿ ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಸಂಕಟ ಆಗುತ್ತಿರಲಿಲ್ಲವೇನೋ.

ಕಟ್ಟು ಒಯ್ಯಲು ಬಂದ ದಿನ ಆಯಿಯ ಪೂಜೆ ನೋಡಿದ್ದ ಮಾಸ್ತರರು ಕೇಳಿದರು. "ಪೂಜಿ ಮುಂದ ವಚನ ಹೇಳ್ತಿದ್ರಲ್ಲ, ಅವನ್ನ ನಿಮ್ಮ ಅತ್ತಿಯವರಿಗೆ ಯಾರ ಕಲಿಸಿದ್ರು?"

"ಅವರ ಮಾವ. ಅವರಿಗೆ ಓದಾಕ ಬರ್ತಿತ್ತಂತ."

"ಅವರು ಯಾವುದನ್ನ ನೋಡಿ ಓದಿದ್ರು?"

ಆಯಿ ನಿಧಾನವಾಗಿ ಕಪಾಟಿನ ಮೂಲೆಯ ಕಡೆ ತಿರುಗಿದಳು. ಇಷ್ಟು ದಿನ ಯಾವುದನ್ನು ಕೇಳಬೇಕೆಂದು ಹಂಬಲಿಸಿದ್ದಳೋ ಅದನ್ನೇ ಪ್ರತಿ ಸೋಮವಾರ ತಾನೇ ಹೇಳುತ್ತ ಬಂದಿದ್ದಳು.

ಮಾಸ್ತರರು ವಹಿ ತೆರೆದು ಕೂತರು. ಆಯಿ ಸೆರಗು ಹೊದ್ದು, ಕಣ್ಣು ಮುಚ್ಚಿ, ಒಂದೊಂದಾಗಿ ಹೇಳಿದಳು. ಹನ್ನೊಂದು ವಚನ ತಡೆಯಿಲ್ಲದೆ ಬಂದವು. ಹನ್ನೆರಡನೆಯದು ಅರ್ಧಕ್ಕೆ ನಿಂತಿತು. ಆಯಿ ಮತ್ತೆ ಮೊದಲಿನಿಂದ ಹೇಳಿ ನೋಡಿದಳು, ಅಲ್ಲಿಯೇ ನಿಂತಿತು. ಅವಳ ಅತ್ತೆಗೂ ಅಷ್ಟೇ ಬರುತ್ತಿತ್ತಂತೆ.

ಆಯಿ ಕಣ್ಣು ತೆರೆದು ಗಾಜಿನ ಕಡೆ ಬೆರಳು ತೋರಿಸಿದಳು.

"ಮುಂದಿಂದು ಅದರಾಗ ಐತ್ರಿ."

ಮಾಸ್ತರರು ಅರ್ಧ ಪುಟ ಖಾಲಿ ಬಿಟ್ಟು ವಹಿ ಮುಚ್ಚಿದರು.