ಬೇಕಾದಷ್ಟೇ

ನಮ್ಮ ಭಾವ ಹೊಡೆಯುವುದನ್ನು ಕಲಿಸುವ ಮಾಸ್ತರರು. ಹೀಗೆಂದರೆ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ನಾನು ಮುಖ ಗಂಟಿಕ್ಕಿದ್ದು ನೋಡಿ ನಗುವನ್ನು ನುಂಗಿಕೊಳ್ಳುತ್ತಾರೆ. ಪೊಲೀಸು ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರಿಗೆ ಲಾಠಿ ಹಿಡಿಯುವುದು, ಬೀಸುವುದು, ಬೀಸಿದ್ದನ್ನು ಅರ್ಧದಲ್ಲೇ ತಡೆಯುವುದು, ಇಷ್ಟನ್ನೇ ಜೀವಮಾನವಿಡೀ ಹೇಳಿಕೊಟ್ಟವರು. ಅಕ್ಕನಿಗೆ ಈ ಸಂಬಂಧ ಬಂದಾಗ ನಾನು ಅಪ್ಪನ ಎದುರು ಜಗಳಕ್ಕೇ ನಿಂತಿದ್ದೆ. ಹುಡುಕಿ ಹುಡುಕಿ ಹೊಡೆಯುವುದರಲ್ಲಿ ಪಳಗಿದವನೇ ಬೇಕಾಯಿತೇ ನಿಮಗೆ ಎಂದು ಕೇಳಿದೆ. ಅಪ್ಪ ಬೈದು ಕಳಿಸಿದರು.

ಮದುವೆಯಾದ ಮೇಲೂ ನಾನು ಸುಮ್ಮನಿರಲಿಲ್ಲ. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್ ನಾನು. ಬಾಗಿಲು ಬಡಿಯಿತು, ಮೆಟ್ಟಿಲು ಜಾರಿತು ಎನ್ನುತ್ತ ಬರುವ ಹೆಂಗಸರಲ್ಲಿ ಯಾರಿಗೆ ಬಾಗಿಲು ಬಡಿದದ್ದು, ಯಾರಿಗೆ ಗಂಡ ಬಡಿದದ್ದು ಎಂದು ನೋಡಿದ ಕೂಡಲೇ ಹೇಳಬಲ್ಲೆ. ಅಕ್ಕನ ಮೈಮೇಲೆ ಒಂದು ಗೀರು ಕಂಡರೂ ಭಾವನ ಜನ್ಮ ಜಾಲಾಡುವುದೆಂದು ತೀರ್ಮಾನಿಸಿಕೊಂಡಿದ್ದೆ. ಆದರೆ ಅವರು ಕೈ ಎತ್ತಲಿಲ್ಲ. ಹೆಂಡತಿಯ ಮೇಲೂ ಇಲ್ಲ, ಮಕ್ಕಳ ಮೇಲೂ ಇಲ್ಲ. ಸೊಳ್ಳೆ ಕೂತರೆ ಊದಿ ಓಡಿಸುವ ಜೀವ ಅದು. ನಿಮ್ಮ ಭಾವನ ಸಿಟ್ಟೆಲ್ಲ ಗೋಣಿಚೀಲದ ಮೇಲೇ ಖರ್ಚಾಗಿ ಹೋಗುತ್ತೆ ಎಂದು ಅಕ್ಕ ತಮಾಷೆ ಮಾಡುತ್ತಿದ್ದಳು.

ಗೋಣಿಚೀಲ ಎಂದರೆ ಪರೇಡು ಮೈದಾನದ ಮೂಲೆಯಲ್ಲಿ ಕಂಬಕ್ಕೆ ಬಿಗಿದಿದ್ದ ಬೊಂಬೆ. ಒಳಗೆ ಮರದ ಹೊಟ್ಟು, ಮೇಲೆ ಗುಂಡಗೆ ಒಂದು ತಲೆ. ಅದರ ಸೊಂಟಕ್ಕೆ ಭಾವ ಕೆಂಪು ಬಣ್ಣದ ಗೆರೆ ಎಳೆದಿದ್ದರು. ಏಟು ಗೆರೆಯ ಕೆಳಗೇ ಬೀಳಬೇಕು. ಮೇಲೆ ಬಿತ್ತೋ, ಹೊಡೆದವನು ಲಾಠಿಯನ್ನು ತಲೆಯ ಮೇಲೆ ಎತ್ತಿ ಹಿಡಿದು ಬಿಸಿಲಿನಲ್ಲಿ ಮೈದಾನ ಸುತ್ತಬೇಕು. ಅದಕ್ಕೇ ಅವರಿಗೆ ಗೆರೆ ಮಾಸ್ತರ ಎಂದು ಹೆಸರು ಬಿದ್ದಿತ್ತು. ಹುಡುಗರು ಲಾಠಿ ಎತ್ತಿದಾಗಲೆಲ್ಲ ‘ಬೇಕಾದಷ್ಟೇ’ ಎಂದು ಕೂಗುವರು. ಬೇಕಾದಷ್ಟು ಎಂದರೆ ಧಾರಾಳ, ಸಾಕುಸಾಕಾಗುವಷ್ಟು. ಬೇಕಾದಷ್ಟೇ ಎಂದರೆ ಕೆಲಸಕ್ಕೆ ಎಷ್ಟು ಬೇಕೋ ಅಷ್ಟು, ಒಂದೇಟೂ ಹೆಚ್ಚಿಲ್ಲ. ಕೊನೆಗೊಂದು ‘ಏ’ ಇದೆಯಲ್ಲ, ಪೊಲೀಸಿಗೂ ರೌಡಿಗೂ ಇರುವ ವ್ಯತ್ಯಾಸ ಅಷ್ಟೇ ಎಂದು ಹುಡುಗರಿಗೆ ಹೇಳುತ್ತಿದ್ದರಂತೆ.

ಈ ಅಳತೆಯ ಹುಚ್ಚು ಅವರಿಗೆ ಹುಟ್ಟಿದ ಮನೆಯಲ್ಲೇ ಹತ್ತಿದ್ದು. ಅವರಪ್ಪ ಕಲ್ಲುಕ್ವಾರಿಯಲ್ಲಿ ಕೆಲಸ ಮಾಡುತ್ತಿದ್ದವನು. ಸಿಟ್ಟು ಬಂದರೆ ಕೈಗೆ ಏನು ಸಿಕ್ಕಿತೋ ಅದರಲ್ಲೇ ಹೊಡೆಯುವುದು, ಬೆಲ್ಟೋ, ಸೌಟೋ, ಸೈಕಲ್ ಚೈನೋ. ಒಮ್ಮೆ ಭಾವನ ಅಣ್ಣ ಸ್ನಾನಕ್ಕೆ ಕಾಯಿಸಿದ ನೀರು ಚೆಲ್ಲಿದನೆಂದು ಅಪ್ಪ ಸೌದೆಯ ತುಂಡು ಎತ್ತಿ ಬೀಸಿದ. ಅದು ಹುಡುಗನ ಹೆಕ್ಕತ್ತಿಗೆ ಬಿತ್ತು. ಬಿದ್ದ ಹುಡುಗ ಎದ್ದನೇನೋ ನಿಜ, ಆದರೆ ಮೊದಲಿನ ಹುಡುಗನಾಗಿ ಏಳಲಿಲ್ಲ. ಮಾತು ತೊದಲಿತು, ಬಾಯಿ ಮುಚ್ಚದಾಯಿತು. ಸಾಯುವವರೆಗೂ ಅವನ ಜೊಲ್ಲು ಒರೆಸಿದ್ದು ಭಾವ. ಅಪ್ಪ ಕಾಲಿಗೆ ಎರಡೇಟು ಬಿಟ್ಟಿದ್ದರೆ ಸಾಕಾಗಿತ್ತು ಎಂದು ಅವರು ನನಗೊಮ್ಮೆ ಹೇಳಿದರು. ನೀರು ಚೆಲ್ಲಿದ್ದಕ್ಕೆ ಎರಡಾದರೂ ಯಾಕೆ ಭಾವ ಎಂದು ಕೇಳಿದೆ. ಆ ಪ್ರಶ್ನೆ ಅಲ್ಲಿಯವರೆಗೆ ತಲೆಗೇ ಬಂದಿರಲಿಲ್ಲವೆಂಬಂತೆ ನನ್ನ ಮುಖ ನೋಡಿದರು.

ಮಾರುಕಟ್ಟೆಯಲ್ಲಿ ಎರಡು ಗುಂಪಿನ ನಡುವೆ ಹೊಡೆದಾಟವಾದದ್ದು ಒಂದು ಬೇಸಿಗೆಯಲ್ಲಿ. ಅಂಗಡಿಗಳಿಗೆ ಬೆಂಕಿ ಬಿತ್ತು. ಒಬ್ಬನನ್ನು ತಕ್ಕಡಿಯ ಕಲ್ಲಿನಲ್ಲಿ ಜಜ್ಜಿ ಕೊಂದರು. ಅವನನ್ನು ನಮ್ಮಲ್ಲಿಗೇ ತಂದರು. ಮುಖ ಯಾವ ಕಡೆ ಎಂದು ಹುಡುಕಬೇಕಾಯಿತು. ಮರುದಿನ ಸರ್ಕಾರದ ಆಜ್ಞೆ ಬಂತು. ಊರಿನಲ್ಲಿ ಎಲ್ಲಿಯೂ ನಾಲ್ಕಕ್ಕಿಂತ ಹೆಚ್ಚು ಜನ ಒಟ್ಟಿಗೆ ನಿಲ್ಲುವಂತಿಲ್ಲ, ನಡೆಯುವಂತಿಲ್ಲ. ಆ ಹೆಣವನ್ನು ತೊಳೆದಿದ್ದ ನಾನೂ ಸರಿಯೆಂದೇ ಒಪ್ಪಿದೆ. ಆದರೆ ಗಲಾಟೆ ತಣ್ಣಗಾಯಿತು, ಕೊಂದವರು ಜಾಮೀನು ಪಡೆದು ಬಂದು ಮತ್ತೆ ಅಂಗಡಿ ತೆರೆದರು, ಆಜ್ಞೆ ಮಾತ್ರ ಮುಗಿಯುವ ಹೊತ್ತಿಗೆಲ್ಲ ಮುಂದುವರಿಯುತ್ತ ಹೋಯಿತು. ಅಕ್ಕನ ಮನೆಯಲ್ಲಿ ಗಂಡ, ಹೆಂಡತಿ, ಅತ್ತೆ, ಎರಡು ಮಕ್ಕಳು. ಒಟ್ಟಿಗೆ ಊಟಕ್ಕೆ ಕೂತರೆ ಯಾರಾದರೊಬ್ಬರು ಅಡುಗೆಮನೆಗೆ ಹೋಗಿ ಕೂರಿ ಎಂದು ನಾವು ನಗುತ್ತಿದ್ದೆವು. ನಗು ಬಹಳ ದಿನ ಉಳಿಯಲಿಲ್ಲ. ಬೆರಳಿಗೆ ಕೀವಾದರೆ ತೋಳನ್ನೇ ಕತ್ತರಿಸುವ ಡಾಕ್ಟರನ್ನು ನಾನು ನೋಡಿಲ್ಲ. ಸರ್ಕಾರದಲ್ಲಿ ಅಂಥವರಿಗೆ ಬರವಿಲ್ಲ.

ಒಬ್ಬ ವಕೀಲರು ಹೈಕೋರ್ಟಿಗೆ ಹೋದರು. ಜನ ಸೇರುವುದು ಸಂವಿಧಾನ ಕೊಟ್ಟ ಹಕ್ಕು, ಅದಕ್ಕೆ ಕಟ್ಟು ಹಾಕಲೇಬೇಕಿದ್ದರೆ ಎಷ್ಟು ಬೇಕೋ ಅಷ್ಟು ಹಾಕಿ, ಮಾರುಕಟ್ಟೆಯ ಜಗಳಕ್ಕೆ ಶಾಲೆ ಆಸ್ಪತ್ರೆಗಳನ್ನು ಯಾಕೆ ಕಟ್ಟುತ್ತೀರಿ ಎಂದು ವಾದಿಸಿದರು. ಪತ್ರಿಕೆಯಲ್ಲಿ ಅದನ್ನು ಓದಿ ಭಾವ ಹಿಗ್ಗಿದರು. ವಕೀಲರು ನನ್ನ ಮಾತನ್ನೇ ಆಡಿದ್ದಾರೆ ಎಂದು ಅಕ್ಕನಿಗೆ ತೋರಿಸಿದರು. ಮೊಕದ್ದಮೆಗೆ ವಾಯಿದೆಯ ಮೇಲೆ ವಾಯಿದೆ ಬೀಳುತ್ತಿತ್ತು.

ಅಕ್ಕ ನಮ್ಮ ಆಸ್ಪತ್ರೆಯಲ್ಲೇ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ರಕ್ತ, ಕೀವು ಹತ್ತಿದ ಹಾಸುಬಟ್ಟೆಗಳನ್ನು ದೊಡ್ಡ ಹಂಡೆಗಳಲ್ಲಿ ಕುದಿಸಿ, ಇಬ್ಬಿಬ್ಬರು ಹಿಡಿದು ಹಿಂಡಿ ಒಣಹಾಕುವ ಕೆಲಸ. ಅಲ್ಲಿಯ ಹಿರಿಯಳನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಅಕ್ಕ ರಜೆಯಲ್ಲಿದ್ದ ಒಂದು ಸಂಜೆ ದೊಡ್ಡಮ್ಮನೂ ಇನ್ನು ನಾಲ್ವರೂ ಕೆಲಸ ಮುಗಿಸಿ ಒಟ್ಟಿಗೆ ಹೊರಟರು. ಬೀದಿಯ ತಿರುವಿನಲ್ಲಿ ಪೊಲೀಸರು ತಲೆ ಎಣಿಸಿದರು. ಒಬ್ಬಳು ಈ ಸಂದಿಯಲ್ಲೇ ತಿರುಗಿಕೊಳ್ಳುತ್ತಾಳೆ ಎಂದು ದೊಡ್ಡಮ್ಮ ಹೇಳುತ್ತಿದ್ದಂತೆ ಏಟು ಬಿತ್ತು. ಅವರ ಮುಂಗೈ ಎರಡು ಕಡೆ ಮುರಿಯಿತು. ಇನ್ನೊಬ್ಬಳ ಮುಂದಿನ ಹಲ್ಲುಗಳನ್ನು ನಾನು ಅವಳ ಸೆರಗಿನಿಂದ ಬಿಚ್ಚಿ ತೆಗೆದೆ.

ಭಾವ ಬಂದು ಗಾಯಗಳನ್ನು ನೋಡಿದರು. ಇದು ಗೆರೆಯ ಮೇಲೆ ಬಿದ್ದಿದೆ, ನನ್ನ ಹುಡುಗರದ್ದಲ್ಲ ಎಂದರು. ಸಮಾಧಾನವಾದವರ ದನಿ ಅದು. ನನ್ನ ಮೈಯೆಲ್ಲ ಉರಿದು ಹೋಯಿತು.

ಮರುದಿನ ಮಧ್ಯಾಹ್ನ ನಾವು ಆಸ್ಪತ್ರೆಯ ಗೇಟಿನ ಮುಂದೆ ಕೂತೆವು. ನರ್ಸುಗಳು, ಆಯಾಗಳು, ಒಗೆಯುವ ಹೆಂಗಸರು. ನೆಲ ಕಾದಿತ್ತೆಂದು ಅಕ್ಕ ಒಗೆದ ಹಾಸುಬಟ್ಟೆಗಳನ್ನು ತಂದು ಹಾಸಿದಳು. ಘೋಷಣೆ ಇಲ್ಲ, ಕಲ್ಲು ಇಲ್ಲ. ಕೆಲಸಕ್ಕೆ ಹೋಗಿಬರುವವರಿಗಾದರೂ ಈ ಆಜ್ಞೆ ಬೇಡ ಎಂಬುದಷ್ಟೇ ನಮ್ಮ ಮಾತು. ಅಕ್ಕನ ಬಲಗಡೆ ನಾನು, ಎಡಗಡೆ ಪ್ಲಾಸ್ಟರ್ ಹಾಕಿದ ಕೈಯ ದೊಡ್ಡಮ್ಮ.

ಊರಿನ ಪೊಲೀಸರು ಸಾಲದೆಂದು ಮೈದಾನದಿಂದ ಗೆರೆ ಮಾಸ್ತರರ ಹುಡುಗರನ್ನು ಕರೆಸಿದರು. ಮುಂದೆ ಭಾವ, ಹಿಂದೆ ಇನ್ನೂ ಮೀಸೆ ಬಲಿಯದ ಮುಖಗಳು. ಜೀಪಿನ ಪಕ್ಕದಲ್ಲಿ ನಿಂತಿದ್ದ ದೊಡ್ಡ ಸಾಹೇಬರು, ಬೇಕಾದಷ್ಟು ಬಲ ಬಳಸಿ ಎಬ್ಬಿಸಿ ಎಂದರು.

ಭಾವ ನಮ್ಮನ್ನು ನೋಡಿದರು, ಕೈಯಲ್ಲಿದ್ದ ಲಾಠಿಯನ್ನು ನೋಡಿದರು. ಆಗ ಹೊಳೆದಿರಬೇಕು ಅವರಿಗೆ. ಅವರ ಬೊಂಬೆ ಯಾವತ್ತೂ ಕೂತಿರಲಿಲ್ಲ.

“ಸಾರ್, ಇವರು ಕೂತಿದ್ದಾರೆ. ಗೆರೆ ಕೆಳಗೆ ಹೊಡಿಯೋಣ ಅಂದ್ರೆ ಅಲ್ಲಿ ತಲೆ ಇದೆ” ಎಂದರು.

“ಹಾಗಾದ್ರೆ ನೀವು ಪಕ್ಕಕ್ಕೆ ನಿಲ್ಲಿ. ಹುಡುಗರಿಗೆ ನಾನೇ ಹೇಳ್ತೀನಿ.”

ಪಕ್ಕಕ್ಕೆ ನಿಂತರೆ ಹುಡುಗರು ಸಾಹೇಬರ ಕೈಗೆ ಹೋಗುತ್ತಾರೆ. ಭಾವ ನಿಲ್ಲಲಿಲ್ಲ. ನಮ್ಮ ಹತ್ತಿರ ಬಂದು ಕುಕ್ಕರುಗಾಲಿನಲ್ಲಿ ಕೂತು, ಎದ್ದು ನಿಲ್ಲಿ ಎಂದು ಒಬ್ಬೊಬ್ಬರನ್ನೂ ಬೇಡಿಕೊಂಡರು. ನಿಂತರೆ ಕಾಲಿಗೆ ಬೀಳುತ್ತದೆ, ಒಂದು ವಾರ ಕುಂಟುತ್ತೀರಿ, ಅಷ್ಟೇ. ಕೂತರೆ ಏನಾಗುತ್ತದೋ ನನ್ನ ಕೈಯಲ್ಲಿಲ್ಲ. ನನ್ನ ಹತ್ತಿರ ಬಂದಾಗ ಅವರ ಹಣೆಯಿಂದ ಬೆವರು ಹಾಸುಬಟ್ಟೆಯ ಮೇಲೆ ತೊಟ್ಟಿಕ್ಕುತ್ತಿತ್ತು. ನಾನು ಬಾಯಿಗೆ ಬಂದದ್ದು ಅಂದೆ. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಅಕ್ಕ ಬೈಯಲಿಲ್ಲ. “ನಿಮಗೆ ಹೊಡೆಯೋಕೆ ಸಲೀಸಾಗಲಿ ಅಂತ ನಾವು ಎದ್ದು ನಿಲ್ಲಬೇಕೇನ್ರೀ? ನೀವೇ ಕೂತ್ಕೊಳ್ಳಿ, ಜಾಗ ಇದೆ” ಎಂದಳು. ಸ್ವಲ್ಪ ಸರಿದು ಪಕ್ಕದ ನೆಲವನ್ನು ಅಂಗೈಯಿಂದ ತಟ್ಟಿದಳು.

ಭಾವ ಆ ಜಾಗವನ್ನು ನೋಡಿದರು. ಅವರು ಕೂತೇಬಿಡುತ್ತಾರೆಂದು ನನಗೆ ಅನ್ನಿಸಿತು. ಹುಡುಗರಿಗೂ ಅನ್ನಿಸಿರಬೇಕು, ಒಂದಿಬ್ಬರ ಲಾಠಿ ಕೆಳಗಿಳಿದಿತ್ತು. ಆದರೆ ಅವರು ಎದ್ದು ನಿಂತರು. ಮೊದಲ ಏಟು ನನ್ನದೇ, ಎಲ್ಲರೂ ನೋಡಿಕೊಳ್ಳಿ ಎಂದು ಹುಡುಗರಿಗೆ ಹೇಳಿದರು. ಸ್ವಂತ ಹೆಂಡತಿಗೇ ಹೊಡೆದರೆ ಎಷ್ಟು ಮೆಲ್ಲಗೆ ಹೊಡೆಯಬೇಕೆಂದು ಹುಡುಗರು ಕಣ್ಣಾರೆ ಕಾಣುತ್ತಾರೆ. ಅದೇ ಅವರ ಲೆಕ್ಕ. ಅಕ್ಕನ ಮಡಿಸಿದ ಮೊಣಕಾಲಿಗೆ ಗುರಿಯಿಟ್ಟು ಬಗ್ಗಿ ಬೀಸಿದರು.

ಲಾಠಿ ಎದ್ದದ್ದೇ ದೊಡ್ಡಮ್ಮ ಹೆದರಿ ಪ್ಲಾಸ್ಟರಿನ ಕೈಯನ್ನು ಅಡ್ಡ ತಂದರು. ಮುರಿದ ಕೈಗೇ ಮತ್ತೆ ಬೀಳುತ್ತದೆಂದು ಅಕ್ಕ ಅದರ ಮೇಲೆ ಬಾಗಿದಳು. ಮೊಣಕಾಲಿಗೆಂದು ಹೊರಟ ಏಟು ಎಡಗಿವಿಯ ಮೇಲೆ ಕೂತಿತು. ದೊಡ್ಡ ಸದ್ದೇನೂ ಆಗಲಿಲ್ಲ. ಅಕ್ಕ ಕೂಗಲಿಲ್ಲ, ನನ್ನ ತೊಡೆಯ ಮೇಲೆ ಒರಗಿದಳು, ಅಷ್ಟೇ. ಕಿವಿಯಿಂದ ಇಳಿದ ರಕ್ತ ಅವಳೇ ಒಗೆದ ಬಟ್ಟೆಯ ಮೇಲೆ ಹರಡಿತು.

ಹುಡುಗರು ಕಂಡದ್ದು ಇಷ್ಟೇ. ಮಾಸ್ತರರು ತಲೆಗೆ ಹೊಡೆದರು.

ಆಮೇಲೆ ತಡೆಯುವವರು ಯಾರು? ಎಲ್ಲ ಒಟ್ಟಿಗೆ ಮೇಲೆ ಬಿದ್ದರು. ಅವರ ಕೈಗಳು ಕಲಿತ ಎತ್ತರಕ್ಕೇ ಬೀಸುತ್ತಿದ್ದವು. ಆ ಎತ್ತರದಲ್ಲೇ ನಮ್ಮ ತಲೆಗಳಿದ್ದವು. ತಲೆ ಮುಚ್ಚಿಕೊಂಡವರ ಬೆರಳು ಮುರಿದವು, ಬಗ್ಗಿದವರ ಬೆನ್ನು ಒಡೆಯಿತು. ನನ್ನ ಕೊರಳ ಕೆಳಗಿನ ಮೂಳೆ ಲಟಕ್ಕೆಂದದ್ದು ನನಗೇ ಕೇಳಿಸಿತು. ಒಬ್ಬ ಆಯಾ ಗೇಟಿನ ಕಂಬಿಗೆ ಜೋತುಬಿದ್ದಿದ್ದಳು, ಅವಳ ಕೈ ಬಿಡುವವರೆಗೂ ಒಬ್ಬ ಹುಡುಗ ಅವಳ ಬೆರಳಿಗೇ ಹೊಡೆದ. ಅವನು ಅಳುತ್ತಿದ್ದ, ಹೊಡೆಯುತ್ತಲೂ ಇದ್ದ. ಭಾವ ಅವರ ನಡುವೆ ಓಡಾಡುತ್ತ, ಕಾಲರು ಹಿಡಿದು ಎಳೆಯುತ್ತ, ‘ಬೇಕಾದಷ್ಟೇ, ಬೇಕಾದಷ್ಟೇ’ ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದರು. ಆ ಗದ್ದಲದಲ್ಲಿ ಕೊನೆಯ ‘ಏ’ ಯಾರಿಗೆ ಕೇಳಬೇಕು? ಹುಡುಗರು ಬೇಕಾದಷ್ಟು ಹೊಡೆದರು.

ದೊಡ್ಡಮ್ಮ ತಲೆಯೊಳಗೆ ರಕ್ತ ಸೋರಿ, ವಾರ ತುಂಬುವ ಮೊದಲೇ ತೀರಿಕೊಂಡರು. ಪತ್ರಿಕೆಯಲ್ಲಿ ‘ಲಘು ಲಾಠಿ ಪ್ರಹಾರ’ ಎಂದು ಬಂತು. ಇಲಾಖೆಯ ವಿಚಾರಣೆಯಲ್ಲಿ, ಏಟುಗಳೆಲ್ಲ ಸೊಂಟದ ಎತ್ತರದ ಕೆಳಗೇ ಬಿದ್ದಿವೆ, ನಿಯಮ ಮೀರಿಲ್ಲ ಎಂದು ತೀರ್ಮಾನವಾಯಿತು. ಅಳೆದು ನೋಡಿದರೆ ಅದು ಸುಳ್ಳೂ ಅಲ್ಲ. ಎಷ್ಟೋ ಕಾಲದ ಮೇಲೆ ಹೈಕೋರ್ಟು, ಆಜ್ಞೆ ಅಗತ್ಯವನ್ನು ಮೀರಿದ್ದು ಎಂದು ರದ್ದು ಮಾಡಿತು. ಅಷ್ಟರಲ್ಲಿ ದೊಡ್ಡಮ್ಮನ ಹಂಡೆಯ ಮುಂದೆ ಬೇರೆ ಹೆಂಗಸು ನಿಂತಿದ್ದಳು.

ಅಕ್ಕನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದವಳು ನಾನು. ಭಾವ ಮೈದಾನಕ್ಕೆ ಹೋಗುವುದನ್ನು ಬಿಟ್ಟಿದ್ದರು. ಗಡ್ಡ ಬೆಳೆದಿತ್ತು, ಅಕ್ಕನ ಕಣ್ಣೆದುರು ನಿಲ್ಲುತ್ತಿರಲಿಲ್ಲ. ಒಂದು ಬೆಳಿಗ್ಗೆ ಅಕ್ಕ ಮಂಚದ ಮೇಲೆ ಕೂತು ಮಕ್ಕಳ ಬಟ್ಟೆ ಮಡಿಸುತ್ತಿದ್ದಳು. ನಾನು ಬಾಗಿಲಲ್ಲಿದ್ದೆ. ಭಾವ ಮೆಲ್ಲಗೆ ಬಂದು ಅವಳ ಎಡಗಡೆ ನಿಂತರು.

“ನಾನು ಬೇಕಾದಷ್ಟೇ ಹೊಡೆದದ್ದು ಕಣೇ” ಎಂದರು.

ಅಕ್ಕ ಅಂಗಿಯೊಂದರ ತೋಳನ್ನು ಮಡಿಸಿ ಕೆಳಗಿಟ್ಟಳು. ನೆಲದ ಮೇಲೆ ಬಿದ್ದಿದ್ದ ನೆರಳು ಕಂಡು ತಲೆ ಎತ್ತಿದಳು. ಅವರ ತುಟಿ ಆಡಿದ್ದು ಅವಳಿಗೆ ಕಂಡಿತು.

“ಏನೋ ಅಂದ್ರಲ್ಲ. ಆ ಕಿವಿ ಹೋಗಿದೆ. ಈ ಕಡೆ ಬಂದು ಹೇಳಿ.”

ಭಾವ ಮಂಚ ಬಳಸಿಕೊಂಡು ಬಲಗಡೆಗೆ ಬಂದರು. ಅಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಬಿಟ್ಟು, ಕೂದಲನ್ನು ಹಿಂದಕ್ಕೆ ಸರಿಸಿ, ಒಳ್ಳೆಯ ಕಿವಿಯನ್ನು ಅವರ ಕಡೆ ತಿರುಗಿಸಿದಳು. ಭಾವ ಬಾಯಿ ತೆರೆದರು.

“ಹೇಳಿ” ಎಂದಳು ಅಕ್ಕ, ಮತ್ತೆ ಕಾದಳು.